ಹೊಲ ನಂದು, ಬಂದೂಕು ನಂದು, ಸತ್ತ ಹಂದಿ ಮಾತ್ರ ಸರ್ಕಾರದ್ದು

ಕಳೆದ ಹಂಗಾಮಿನಲ್ಲಿ 2 ಎಕರೆಗೆ ಹತ್ತಿರ ಹತ್ತಿರ 75 ಕ್ವಿಂಟಲ್ ಗೆಣಸು ಅಗೆದೆ. ಬಯಲು ಕಡೆಯವರಿಗೆ ಇದೇನು ದೊಡ್ಡ ಮಾತಲ್ಲ. ಆದರೆ ಖಾನಾಪುರ ತಾಲ್ಲೂಕಿನಲ್ಲಿ, ಅದೂ ಅಡವಿಗೆ ಹತ್ತಿಕೊಂಡು ಹೊಲ ಇರುವವರನ್ನು ಕೇಳಿ ನೋಡಿ. ಇದೇ ಹೊಲದಲ್ಲಿ 2021ರಲ್ಲಿ ನನಗೆ ಸಿಕ್ಕಿದ್ದು 30 ಕ್ವಿಂಟಲ್ ಆಗಿತ್ತೋ ಇಲ್ಲವೋ. ಉಳಿದದ್ದು ಕಾಡುಹಂದಿ ಪಾಲು. ತಿಂದದ್ದು ಸ್ವಲ್ಪ, ಮೂತಿಯಿಂದ ಉತ್ತು ಹಾಳು ಮಾಡಿದ್ದೇ ಜಾಸ್ತಿ.

ನಾನು ಹೊಲದ ಸುತ್ತ ಝಟಕಾ ಬೇಲಿಯ ತಂತಿ ಕಟ್ಟೋಕೆ ಶುರು ಮಾಡಿದಾಗ ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ಕೂತು ನಕ್ಕಿದ್ದರು. “ಮನ್ಯಾಗ ಬಂದೂಕ ಇಟಗೊಂಡು ಮಳಕಾಲಿನ ಕೆಳಗ ತಂತಿ ಕಟ್ಟಾಕತ್ತೀಯಲ್ಲೋ ತಮ್ಮಾ, ಹಂದಿ ಹಿಡಿಯಾಕೋ ಮೊಲ ಹಿಡಿಯಾಕೋ?” ಅಂದಿದ್ದರು. ಅವರು ನಕ್ಕಿದ್ದರಲ್ಲಿ ತಪ್ಪೇನಿಲ್ಲ. ಅದಕ್ಕೂ ಮುಂಚೆ ನಾಲ್ಕು ವರ್ಷ ನಾನು ಓಡಾಡಿದ್ದೆಲ್ಲ ಬಂದೂಕಿನ ಕಾಗದದ ಹಿಂದೆಯೇ.

ಬಂದೂಕು ಅಂದರೆ ಬಾಯಿಂದ ಮದ್ದು ತುಂಬುವ ಒಂಟಿ ನಳಿಗೆಯದು. ಅಜ್ಜನ ಕಾಲದ್ದು, ಆಮೇಲೆ ಅಪ್ಪನ ಹೆಸರಿಗೆ ಬಂತು, ಬೆಳೆ ರಕ್ಷಣೆಗೆ ಅಂತ ಲೈಸನ್ಸ್. ಅಪ್ಪ 2018ರಲ್ಲಿ ತೀರಿಕೊಂಡರು. ಲೈಸನ್ಸ್‌ದಾರ ಹೋದ ಮೇಲೆ ಬಂದೂಕು ಮನೆಯಲ್ಲಿ ಇಡುವಂತಿಲ್ಲ, ಠಾಣೆಗೆ ಜಮಾ ಮಾಡಿದೆವು. ವಾರಸುದಾರ ಅಂತ ನನ್ನ ಹೆಸರಿಗೆ ಅರ್ಜಿ ಹಾಕಿದೆ. ಉತಾರ (ಪಹಣಿ), ಅಣ್ಣ ಅಕ್ಕಂದಿರ ಒಪ್ಪಿಗೆ ಪತ್ರ, ಡಾಕ್ಟರ್ ಸರ್ಟಿಫಿಕೇಟು, ಬಂದೂಕು ಹಿಡಿಯೋ ತರಬೇತಿ ಸರ್ಟಿಫಿಕೇಟು, ಪೊಲೀಸ್ ವರದಿ. ಹುಟ್ಟಿದಾಗಿನಿಂದ ಮನೆ ಗೋಡೆ ಮೇಲೆ ನೋಡಿದ ಬಂದೂಕನ್ನು ಹಿಡಿಯೋಕೆ ತರಬೇತಿ! ಇರಲಿ, ಹೋಗಿ ಬಂದೆ. ಒಂದು ಕಚೇರಿಯಲ್ಲಿ ನನ್ನ ಫೈಲು ಐದು ತಿಂಗಳು ಬೇರೆ ಯಾವುದೋ ಫೈಲಿನ ಕೆಳಗೆ ಮಲಗಿತ್ತು. ಬೆಳಗಾವಿಗೆ ಹೋಗಿ ಬಂದದ್ದು 20 ಸಲ ಆದರೂ ಆಗಿರಬೇಕು. ಬಸ್ಸು, ಊಟ, ಝೆರಾಕ್ಸು, ಫೀ, ‘ಇತರೆ’ ಎಲ್ಲ ಸೇರಿ 16-17 ಸಾವಿರ ಹೋಯಿತು.

ಕೊನೆಗೂ 2020ರ ಅಕ್ಟೋಬರಿನಲ್ಲಿ ಲೈಸನ್ಸ್ ಕೈಗೆ ಬಂತು. ಗೆಣಸು ಅಗೆಯೋ ಹೊತ್ತು. ಖುಷಿಯೋ ಖುಷಿ. ಡಿಸೆಂಬರಿನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂತು. ಠಾಣೆಯಿಂದ ಫೋನು: ಬಂದೂಕು ತಂದು ಜಮಾ ಮಾಡಿ. ಎರಡು ವರ್ಷ ಓಡಾಡಿ ತಂದದ್ದನ್ನು ಎರಡು ತಿಂಗಳಿಗೆ ವಾಪಸ್ ಕೊಟ್ಟು ಬಂದೆ. 2023ರ ವಿಧಾನಸಭೆಗೂ ಹೋಯಿತು, 2024ರ ಲೋಕಸಭೆಗೂ ಹೋಯಿತು. ನನಗಿಂತ ನನ್ನ ಬಂದೂಕಿಗೇ ಚುನಾವಣೆ ಅನುಭವ ಜಾಸ್ತಿ.

ಅಸಲಿ ಪಾಠ ಆಗಿದ್ದು 2021ರಲ್ಲಿ. ಹೊಲಕ್ಕೆ ಬಂದಿದ್ದ ಫಾರೆಸ್ಟ್ ಗಾರ್ಡ್ ಒಬ್ಬರಿಗೆ ಜಂಬದಿಂದ ಲೈಸನ್ಸ್ ತೋರಿಸಿದೆ. ಅವರು ಓದಿ, ಮಡಚಿ, ವಾಪಸ್ ಕೊಟ್ಟು ಕೇಳಿದರು: “ಇದು ಬಂದೂಕಿಂದಾತು. ಹಂದೀದು ಎಲ್ಲಿ ಐತ್ರಿ?”

ನನ್ನ ಹಾಗೇ ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಬಂದೂಕಿನ ಲೈಸನ್ಸ್ ಬರುವುದು 1959ರ ಆಯುಧ ಕಾಯ್ದೆಯ ಕೆಳಗೆ, ಡಿಸಿ ಕಡೆಯಿಂದ. ಅದು ಬಂದೂಕು ಇಟ್ಟುಕೊಳ್ಳೋಕೆ ಅಷ್ಟೇ. ಪ್ರಾಣಿ ಹೊಡೆಯೋದು 1972ರ ವನ್ಯಜೀವಿ ಕಾಯ್ದೆಯ ಮಾತು, ಅದು ಬೇರೆಯೇ ಮನೆ. ಆ ಕಾಯ್ದೆಯಲ್ಲಿ ಮೊದಲು ಬೇಟೆ ಲೈಸನ್ಸ್ ಅಂತಲೇ ಇತ್ತು, ದೊಡ್ಡ ಬೇಟೆಗೆ ಒಂದು, ಸಣ್ಣ ಬೇಟೆಗೆ ಒಂದು. ಅಜ್ಜನ ಟ್ರಂಕಿನಲ್ಲಿ ಅಂಥದ್ದೊಂದು ಹಳದಿ ಕಾಗದ ನಾನೇ ನೋಡಿದ್ದೇನೆ. ಅದನ್ನು ನೋಡಿಯೇ ನನಗೂ ಒಂದು ಸಿಗುತ್ತದೆ ಅಂದುಕೊಂಡಿದ್ದು. 1991ರ ತಿದ್ದುಪಡಿಯಲ್ಲಿ ಅದೆಲ್ಲ ಹೋಯಿತು. ಈಗ ಬೇಟೆ ಲೈಸನ್ಸ್ ಅನ್ನುವ ವಸ್ತುವೇ ಇಲ್ಲ. ಹೊಲ ಸ್ವಂತದ್ದೋ, ಗುತ್ತಿಗೆಯದೋ, ಸರ್ಕಾರದ್ದೋ, ಕಾಯ್ದೆ ಅದನ್ನು ಕೇಳುವುದೇ ಇಲ್ಲ. ಕೊಡಗಿನವರಿಗೆ ಲೈಸನ್ಸೇ ಬೇಡವಲ್ಲ ಅಂತ ಕಟ್ಟೆ ಮೇಲೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೊಡವರಿಗೆ, ಅಲ್ಲಿ ಜಮ್ಮಾ ಅನ್ನುವ ಪಾರಂಪರಿಕ ಹಿಡುವಳಿಯ ಜಮೀನು ಇರುವವರಿಗೆ ಬಂದೂಕಿನ ಲೈಸನ್ಸಿನಿಂದ ವಿನಾಯಿತಿ ಇದೆ, ನಿಜ. ಹಂದಿ ಹೊಡೆಯೋಕೆ ಅವರಿಗೂ ಇಲ್ಲ.

ಇರುವುದು ಒಂದೇ ಕಿಂಡಿ, ಹನ್ನೊಂದನೇ ಕಲಂ. ಪ್ರಾಣಿಯಿಂದ ಜೀವಕ್ಕೋ ಆಸ್ತಿಗೋ ಅಪಾಯ ಅಂತ ಮುಖ್ಯ ವನ್ಯಜೀವಿ ಪರಿಪಾಲಕರಿಗೆ, ಇಲ್ಲವೇ ಅವರು ಅಧಿಕಾರ ಕೊಟ್ಟ ಅಧಿಕಾರಿಗೆ ಮನವರಿಕೆ ಆದರೆ, ಕಾರಣ ಬರೆದು ಲಿಖಿತ ಅಪ್ಪಣೆ ಕೊಡಬಹುದು. ನಿಂತ ಬೆಳೆಯೂ ಆಸ್ತಿಯಲ್ಲಿ ಬರುತ್ತದೆ. ಕಾಯ್ದೆ ಪ್ರಾಣಿಗಳನ್ನು ಶೆಡ್ಯೂಲ್ ಅನ್ನುವ ಪಟ್ಟಿಗಳಲ್ಲಿ ಹಂಚಿದೆ. ಹಂದಿ ಮೊದಲು ಮೂರನೇ ಶೆಡ್ಯೂಲಿನಲ್ಲಿತ್ತು, 2022ರ ತಿದ್ದುಪಡಿ ಆದ ಮೇಲೆ ಎರಡನೆಯದರಲ್ಲಿದೆ. ಬೆಳೆ ಹಾನಿಯ ಈ ಕಿಂಡಿ ಎರಡನೇ ಶೆಡ್ಯೂಲಿಗೂ ಅನ್ವಯಿಸುತ್ತದೆ, ಹಾಗಾಗಿ ಹಂದಿಗೆ ಈಗಲೂ ತೆರೆದೇ ಇದೆ. ಕೇರಳದಲ್ಲಿ 2022ರಿಂದ ಈ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರ ಕೈಗೇ ಕೊಟ್ಟಿದ್ದಾರೆ. ಬಿಹಾರ, ಉತ್ತರಾಖಂಡದಲ್ಲಿ ಕೇಂದ್ರ ಸರ್ಕಾರ ಸ್ವಲ್ಪ ಕಾಲ ಹಂದಿಯನ್ನು ಉಪದ್ರವಿ ಪ್ರಾಣಿ, ಅಂದರೆ ಹೊಡೆದರೂ ಅಪರಾಧ ಅಲ್ಲದ್ದು, ಅಂತಲೇ ಘೋಷಿಸಿತ್ತು. ಹಾಗೆ ಮಾಡುವ ಅಧಿಕಾರ ಕೇಂದ್ರಕ್ಕೆ ಮಾತ್ರ.

ನಾನೂ ಅರ್ಜಿ ಹಾಕಿದೆ. ಸೆಪ್ಟೆಂಬರಿನಲ್ಲಿ, ಗೆಡ್ಡೆ ಕಟ್ಟೋ ಹೊತ್ತಿಗೆ. ಫೋಟೋ, ಉತಾರ, ಲೈಸನ್ಸ್ ನಕಲು ಎಲ್ಲ ಹಚ್ಚಿದ್ದೆ. ಉತ್ತರ ಬಂದದ್ದು ಜನವರಿಯಲ್ಲಿ, ಉಳಿದ ಗೆಣಸು ಅಗೆದು ಮಾರಿ ಮುಗಿದ ಮೇಲೆ. ಮೊದಲು ಬೇಲಿ ಮಾಡಿಕೊಳ್ಳಿ, ಹಾನಿಯಾದರೆ ಪರಿಹಾರಕ್ಕೆ ಅರ್ಜಿ ಹಾಕಿ ಅಂತ ಎರಡು ಸಾಲು.

ಸಿಟ್ಟು ಬಂತು. ಆದರೆ ರಾತ್ರಿ ಅಟ್ಟಣಿಗೆ ಮೇಲೆ ಕೂತು ಲೆಕ್ಕ ಹಾಕಿದೆ. ಅಪ್ಪಣೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಕತ್ತಲಲ್ಲಿ ಹನ್ನೆರಡು ಹಂದಿ. ನನ್ನದು ಒಂದು ಗುಂಡಿನ ಬಂದೂಕು, ಮತ್ತೆ ಮದ್ದು ಜಡಿದು ತಯಾರಾಗೋಕೆ ಎರಡು ನಿಮಿಷ. ಒಂದು ಬಿದ್ದರೆ ಹನ್ನೊಂದು ಉಳಿಯುತ್ತವೆ, ಬಿದ್ದದ್ದೂ ಸರ್ಕಾರದ ಆಸ್ತಿ, ಬಾಡೂಟ ಮಾಡಿದರೆ ಅದೇ ಇನ್ನೊಂದು ಕೇಸು. ಮೈಮೇಲೆ ಬಂದಾಗ ಜೀವ ಉಳಿಸಿಕೊಳ್ಳೋಕೆ ಹೊಡೆದರೆ ಅಪರಾಧ ಅಲ್ಲ ಅಂತ ಅದೇ ಕಲಮಿನಲ್ಲಿದೆ, ಸರಿ. ಗೆಣಸು ಉಳಿಸೋಕೆ ಆ ಮಾತು ನಡೆಯುವುದಿಲ್ಲ.

ಕಳ್ಳದಾರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಉರುಲು ಹಾಕಿದರೂ ಅದು ಬೇಟೆಯೇ, ಹಂದಿ ಬೀಳದಿದ್ದರೂ ಬೇಟೆಯೇ, ಪ್ರಯತ್ನವೂ ಕಾಯ್ದೆಯಲ್ಲಿ ಸೇರಿದೆ. ಮೂರು ವರ್ಷದವರೆಗೆ ಜೈಲು, ದಂಡ ಮೊದಲು 25 ಸಾವಿರದವರೆಗೆ ಇದ್ದದ್ದು ಈಗ ಒಂದು ಲಕ್ಷದವರೆಗೆ. ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಡುವವರಿದ್ದಾರೆ. ಒಮ್ಮೆ ಹಂದಿಗಿಟ್ಟದ್ದನ್ನು ಎಮ್ಮೆ ಕಚ್ಚಿತ್ತು. ದವಡೆ ಹಾರಿಹೋದ ಎಮ್ಮೆ ಮೂರು ದಿನ ನೀರಿನ ಬಾನಿ ಮುಂದೆ ನಿಂತಿತ್ತು, ಕುಡಿಯೋಕೆ ಆಗದೆ. ಅದನ್ನು ಕಣ್ಣಾರೆ ಕಂಡವನು ನಾನು. ಪಂಪ್‌ಸೆಟ್ಟಿನ ಲೈನಿನಿಂದ ನೇರ ಕರೆಂಟ್ ಎಳೆಯುವವರ ಹೊಲದಲ್ಲಿ ಸಾಯುವುದು ಹಂದಿ ಮಾತ್ರ ಅಲ್ಲ, ಬೆಳಗ್ಗೆ ನೀರು ಕಟ್ಟೋಕೆ ಹೋದ ಮನೆ ಮಗನೂ ಹೌದು.

ನನ್ನ ಪ್ರಯೋಗಗಳೂ ಕಮ್ಮಿ ಏನಿಲ್ಲ. ಕಟಿಂಗ್ ಅಂಗಡಿಯಿಂದ ಎರಡು ಚೀಲ ಕೂದಲು ತಂದು ಬದುವಿಗೆ ಹರಡಿದೆ. ಒಂದು ವಾರ ಹಂದಿ ಬರಲಿಲ್ಲ, ನಾನು ಊರಿಗೆಲ್ಲ ಹೇಳಿಕೊಂಡು ಬಂದೆ. ಎಂಟನೇ ದಿನ ದೊಡ್ಡ ಮಳೆ. ಒಂಬತ್ತನೇ ದಿನ ಹಂದಿ. ಹೆಂಡತಿಯ ಹಳೆ ಸೀರೆ ಕಟ್ಟಿದೆ, ಅದು ನವಿಲಿಗೂ ಸಾಲಲಿಲ್ಲ. ಸುತಳಿ ಬಾಂಬ್ ನಾಲ್ಕು ರಾತ್ರಿ ನಡೆಯಿತು, ಐದನೇ ರಾತ್ರಿ ಹಂದಿ ತಲೆ ಎತ್ತಿ ನೋಡಿ ಮತ್ತೆ ಗೆಣಸಿಗೆ ಬಾಯಿ ಹಾಕಿತು. ಇಂಡಿ ಕಡೆಯ ನಮ್ಮ ಭಾವ ಕುಸುಬಿ ಸುತ್ತ ಬಿತ್ತು, ಮುಳ್ಳಿಗೆ ಯಾವ ಪ್ರಾಣಿಯೂ ದಾಟಲ್ಲ ಅಂದರು. ಅವರ ಎರೆಹೊಲದ ಹಿಂಗಾರಿಗೆ ಅದು ಸರಿ. ನಾನು ಜೂನಿನಲ್ಲಿ ಬಿತ್ತಿದೆ. ನಮ್ಮ ಮಳೆಗೆ ಎರಡು ಎಲೆ ಬಿಟ್ಟು ಕೊಳೆತು ಹೋಯಿತು. ಭಾವನಿಗೆ ಇನ್ನೂ ಹೇಳಿಲ್ಲ.

2022ರಲ್ಲಿ ಝಟಕಾ ಮಷಿನ್ ತಂದೆ, ಬೇಲಿ ತಂತಿಗೆ ಬಿಟ್ಟು ಬಿಟ್ಟು ಕರೆಂಟ್ ಪೆಟ್ಟು ಕೊಡುವ, ಪ್ರಾಣಿಯನ್ನು ಕೊಲ್ಲದೆ ಬೆದರಿಸುವ ಮಷಿನ್. ಸೋಲಾರ್ ಪ್ಲೇಟು, ಬ್ಯಾಟರಿ ಸೇರಿ ಹನ್ನೊಂದೂವರೆ ಸಾವಿರ. ಅಂಗಡಿಯವ ಹೇಳಿದಂತೆ ಎರಡು ಎಳೆ, ಒಂದು ಮೊಳಕಾಲ ಮಟ್ಟಕ್ಕೆ, ಒಂದು ಸೊಂಟದ ಮಟ್ಟಕ್ಕೆ. ಪೂರ್ತಿ ಫೇಲು. ದನಕ್ಕೆ ಸರಿಯಾದ ಬೇಲಿ ಅದು. ಹಂದಿ ಕೆಳಗಿಂದ ನುಗ್ಗಿತು, ಬೆನ್ನಿಗೆ ತಂತಿ ತಾಗಿದರೂ ಆ ಬಿರುಸು ಕೂದಲಿಗೆ ಝಟಕಾ ಹತ್ತಲೇ ಇಲ್ಲ. ಜೊತೆಗೆ ನಾನು ಮಷಿನ್ ಚಾಲೂ ಮಾಡಿದ್ದು ಅಕ್ಟೋಬರಿನಲ್ಲಿ. ಅಷ್ಟೊತ್ತಿಗೆ ಅವಕ್ಕೆ ಗೆಣಸಿನ ರುಚಿ ಸಿಕ್ಕಾಗಿತ್ತು. ರುಚಿ ಕಂಡ ಹಂದಿ ಝಟಕಾ ತಿಂದರೂ ಮುಂದಕ್ಕೇ ಹಾರುತ್ತದೆ, ಹಿಂದಕ್ಕೆ ಹೋಗುವುದಿಲ್ಲ. ಆ ವರ್ಷ ಸೋಮಾರಿತನದ ಫಲವೂ ಸಿಕ್ಕಿತು: ಒಂದು ರಾತ್ರಿ ಬ್ಯಾಟರಿ ಕಳುವಾಯಿತು.

2023ರಲ್ಲಿ ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಮೂರು ಎಳೆ. ಕೆಳಗಿನದು ನೆಲದಿಂದ ಏಳು ಇಂಚು, ಒಂದು ಗೇಣಿಗೂ ಕಮ್ಮಿ. ಎರಡನೆಯದು ಒಂದೂವರೆ ಅಡಿ ಚಿಲ್ಲರೆ, ಮೇಲಿನದು ಎರಡೂವರೆ ಅಡಿ. ಹಂದಿ ಕಣ್ಣಿಗಿಂತ ಮೂತಿಯಿಂದಲೇ ನೋಡುತ್ತದೆ, ಮೂತಿ ಸದಾ ಒದ್ದೆ. ತಂತಿ ಅದರ ಮೂತಿ ಹಾದಿಯಲ್ಲಿ ಇರಬೇಕು ಅಷ್ಟೇ. ಕಾಕಾ ನಕ್ಕಿದ್ದು ಇದಕ್ಕೇ. ಬಳ್ಳಿ ನಾಟಿ ಮಾಡಿದ ದಿನವೇ ಮಷಿನ್ ಚಾಲೂ, ಹಗಲೂ ರಾತ್ರಿ. ಗೆಡ್ಡೆ ಕಟ್ಟುವ ಮೊದಲೇ ಅವು ಸುಮ್ನೆ ಮೂಸಲು ಬಂದಾಗ ಪಾಠ ಆಗಬೇಕು.

ಹೊಲದ ಸುತ್ತಳತೆ ಸುಮಾರು 420 ಮೀಟರ್. ಜಿಐ ತಂತಿ 50 ಕಿಲೋ ಹತ್ತಿರ ಬಿತ್ತು, ನಾಲ್ಕೂಮುಕ್ಕಾಲು ಸಾವಿರ ಇರಬೇಕು. ಬಿದಿರು ಗೂಟ 140, ಇನ್ಸುಲೇಟರ್ ನಾನ್ನೂರು ಚಿಲ್ಲರೆ. ಹಳೆ ಮಷಿನ್ ಸೇರಿಸಿ, ಹೊಸ ಬ್ಯಾಟರಿ ಬಿಟ್ಟು, ಒಟ್ಟು 23-24 ಸಾವಿರ. ಕೂಲಿ ಲೆಕ್ಕ ಇಲ್ಲ, ನಾನು ಮತ್ತು ಮಗ. ಬ್ಯಾಟರಿ ಈಗ ಕಬ್ಬಿಣದ ಪೆಟ್ಟಿಗೆಯಲ್ಲಿದೆ, ಪೆಟ್ಟಿಗೆ ಎಲ್ಲಿದೆ ಅಂತ ಮಗನಿಗೆ ಮಾತ್ರ ಗೊತ್ತು.

ಎಲ್ಲರೂ ಸೋಲುವುದು ಅರ್ಥಿಂಗಿನಲ್ಲಿ. ನಮ್ಮದು ಕೆಂಪು ಜಂಬಿಟ್ಟಿಗೆ ನೆಲ. ಮಳೆಗಾಲದಲ್ಲಿ ಟೆಸ್ಟರ್ 6 ಸಾವಿರ ವೋಲ್ಟ್ ತೋರಿಸುತ್ತಿತ್ತು. ನವೆಂಬರಿನಲ್ಲಿ ನೆಲ ಒಣಗಿದ ಕೂಡಲೇ 2 ಸಾವಿರಕ್ಕೆ ಇಳಿಯಿತು. ಮಷಿನ್ ಕೆಟ್ಟಿದೆ ಅಂತ ಹೊತ್ತುಕೊಂಡು ಬೆಳಗಾವಿಗೆ ಹೋದೆ, ಮಷಿನ್ ಸರಿ ಇತ್ತು. ಬಂದು ಐದೈದು ಅಡಿಯ ಮೂರು ರಾಡು, ಒಂದಕ್ಕೊಂದು ಆರೇಳು ಹೆಜ್ಜೆ ದೂರ, ಗುಂಡಿಗೆ ಇದ್ದಿಲು, ಉಪ್ಪು, ಜೊತೆಗೆ ಇನ್ನೊಂದು ವಸ್ತು ಹಾಕಿದೆ. ಆ ಇನ್ನೊಂದು ಏನು ಅಂತ ಇಲ್ಲಿ ಬರೆಯಲ್ಲ, ಎರಡು ವರ್ಷ ತಲೆ ಕೆಡಿಸಿಕೊಂಡು ಕಂಡುಕೊಂಡಿದ್ದು. ಎರಡು ದಿನಕ್ಕೊಮ್ಮೆ ಎರಡು ಕೊಡ ನೀರು. ವೋಲ್ಟೇಜು ಐದೂವರೆಯ ಕೆಳಗೆ ಇಳಿಯಲಿಲ್ಲ. ಕೆಳಗಿನ ಎಳೆಗೆ ಹುಲ್ಲು ತಾಗದಂತೆ ವಾರಕ್ಕೊಮ್ಮೆ ಕುಡುಗೋಲು ಹಿಡಿಯಲೇಬೇಕು, ಅದರಲ್ಲಿ ರಿಯಾಯ್ತಿ ಇಲ್ಲ.

ಬೇಲಿ ಮತ್ತೆ ಕಟ್ಟಿದ ವರ್ಷದ ಆಗಸ್ಟಿನ ಒಂದು ರಾತ್ರಿ ಅಟ್ಟಣಿಗೆ ಮೇಲಿದ್ದೆ. ಮಳೆ ಬಿಟ್ಟಿತ್ತು. ಮಷಿನ್ ಟಕ್, ಟಕ್ ಅಂತ ಗಡಿಯಾರದ ಹಾಗೆ ಬಡಿಯುತ್ತಿತ್ತು. ತಾಯಿ ಹಂದಿ ಒಂದು, ಹಿಂದೆ ಆರೋ ಏಳೋ ಮರಿ. ಬದುವಿಗೆ ಬಂದು ನಿಂತಿತು. ಮೂತಿ ಚಾಚಿತು. ಟಕ್. ಕೀ ಅಂತ ಕಿರುಚಿ ಹಿಂದಕ್ಕೆ ತಿರುಗಿದ್ದು, ಒಂದು ಮರಿಯನ್ನು ತುಳಿದುಕೊಂಡೇ ಅಡವಿಗೆ ಓಡಿತು. ಅಷ್ಟೇ. ಆ ತಿಂಗಳಲ್ಲಿ ಮತ್ತೆ ಎರಡು ಕಡೆ ಹೆಜ್ಜೆ ಕಂಡೆ, ಎರಡೂ ತಂತಿಯ ಹೊರಗೇ ತಿರುಗಿದ್ದವು. ನಮ್ಮ ನಾಯಿಗೂ ಒಮ್ಮೆ ತಾಗಿತ್ತು. ಅದು ಇವತ್ತಿಗೂ ಹೊಲದ ದಾರಿ ಬಿಟ್ಟು ಸುತ್ತು ಹಾಕಿ ಬರುತ್ತದೆ.

ಪರಿಹಾರದ ಹಣವನ್ನೂ ಬಿಟ್ಟಿಲ್ಲ. 2022ರ ಹಾನಿಗೆ ಅರಣ್ಯ ಇಲಾಖೆಯ ಇ-ಪರಿಹಾರದಲ್ಲಿ ಅರ್ಜಿ ಹಾಕಿದ್ದೆ. ಹಂದಿ ಉತ್ತ ಬೆಳಗ್ಗೆಯೇ ಫೋಟೋ ಹೊಡೆಯಬೇಕು, ಹೆಜ್ಜೆ ಕಾಣುವ ಹಾಗೆ. ಸಿಬ್ಬಂದಿ ಪಂಚನಾಮೆಗೆ ಬರುವವರೆಗೆ ಹೊಲ ಸರಿ ಮಾಡೋಕೆ ಹೋಗಬೇಡಿ. ನಾನು ಹಿಂದಿನ ವರ್ಷ ಆ ತಪ್ಪು ಮಾಡಿ ಪೂರ್ತಿ ಕಳಕೊಂಡಿದ್ದೆ. ಈ ಸಲ 10-11 ಸಾವಿರ ಖಾತೆಗೆ ಬಿತ್ತು. ಹೋದದ್ದು 40 ಸಾವಿರದ ಮಾಲು. ಆದರೂ ಗೂಟ, ತಂತಿಯ ಖರ್ಚು ಅದರಲ್ಲೇ ಹುಟ್ಟಿತು.

2025ರಲ್ಲಿ ಬಂದೂಕಿನ ಲೈಸನ್ಸಿಗೆ ಐದು ವರ್ಷ ತುಂಬಿತು. ನವೀಕರಣಕ್ಕೆ ಹಾಕಿದ್ದೇನೆ, ಯಾಕೆ ಅಂತ ಕೇಳಬೇಡಿ. ಅಪ್ಪನ ವಸ್ತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಎಣ್ಣೆ ಹಚ್ಚಿ ಕುಂಕುಮ ಇಡುತ್ತೇನೆ.

ಕಾಕಾ ಈ ವರ್ಷ ಝಟಕಾ ಮಷಿನ್ ತಂದಿದ್ದಾರೆ. ಎಳೆಯ ಎತ್ತರ ಅಳೆಯೋಕೆ ಟೇಪ್ ಹಿಡಿದು ನಮ್ಮ ಬೇಲಿಗೆ ಅವರೇ ಬಂದಿದ್ದರು. ಅರ್ಥಿಂಗ್ ಗುಂಡಿಗೆ ಏನು ಹಾಕಿದ್ದೀಯಾ ಅಂತ ಕೇಳೋಕೆ ಎರಡು ಸಲ ಚಹಾ ಕುಡಿಸಿದ್ದಾರೆ. ಮೊನ್ನೆ ಮೂರನೇ ಸಲ ಕರೆದರು, ಚಹಾದ ಜೊತೆ ಭಜಿಯೂ ಇತ್ತು.