ಟೊಮೆಟೊ ತೊಕ್ಕಿಗೆ ಬೂಷ್ಟು ಬರೋದು ನಿಂತದ್ದು ಹೀಗೆ

ಎರಡು ಸಲ ಟೊಮೆಟೊ ತೊಕ್ಕು ಮಾಡಿದೆ, ಎರಡೂ ಸಲ ವಾರ ತುಂಬುವ ಮೊದಲೇ ಬೂಷ್ಟು. ಉಪ್ಪು ಕಮ್ಮಿಯಾಯ್ತೇನೋ ಅಂತ ಎರಡನೇ ಸಲ ಜಾಸ್ತಿ ಹಾಕಿದ್ದೆ. ಬೂಷ್ಟೂ ಬಂತು, ಬಾಯಿಗೂ ಇಡೋಕಾಗಲಿಲ್ಲ.

ಮೂರನೇ ಸಲ ಅತ್ತೆ ಬಾಣಲೆ ಇಣುಕಿ, "ಇದಿನ್ನೂ ಗೊಜ್ಜು ಕಣಮ್ಮ, ತೊಕ್ಕಾಗಿಲ್ಲ" ಅಂದರು. ತಪ್ಪು ಅಲ್ಲೇ ಇತ್ತು. ನೀರಿನಂಶ ಹೋಗುವ ಮುಂಚೆಯೇ ನಾನು ಒಲೆ ಆರಿಸುತ್ತಿದ್ದೆ.

ಒಂದು ಕೆಜಿ ನಾಟಿ ಹಣ್ಣು ತೊಳೆದು, ಒರೆಸಿ, ಹೆಚ್ಚಿ, ನಿಂಬೆ ಗಾತ್ರದ ಹುಣಸೆಹಣ್ಣಿನ ಜೊತೆ ನೀರು ಹಾಕದೆ ಬೇಯಿಸಿ ರುಬ್ಬಿದ್ದೆ. ಅರ್ಧ ಬಟ್ಟಲು ಎಳ್ಳೆಣ್ಣೆಗೆ ಸಾಸಿವೆ, ಇಂಗು, ಮೇಲೆ ಅದನ್ನು ಸುರಿದು ಉಪ್ಪು, ಅರಿಶಿನ. ಮೊದಲು ಕೈಗೆಲ್ಲ ಸಿಡಿಯುತ್ತೆ, ತಟ್ಟೆ ಓರೆಯಾಗಿ ಮುಚ್ಚಿ. ಸುಮಾರು 40 ನಿಮಿಷಕ್ಕೆ ಸಿಡಿತ ನಿಂತಿತು. ಸೌಟು ಎಳೆದರೆ ತಳ ಕಂಡು, ಗೆರೆ ಮುಚ್ಚಿಕೊಳ್ಳದೆ ಹಾಗೇ ಉಳಿಯಿತು. ಅಂಚಲ್ಲಿ ಎಣ್ಣೆ ಬಿಟ್ಟಿತು. ಆಗ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಮೆಣಸಿನಪುಡಿ, ಒಂದು ಚಮಚ ಹುರಿದ ಮೆಂತ್ಯದಪುಡಿ, ಇನ್ನೈದು ನಿಮಿಷ. ಮೆಂತ್ಯ ಕೆಂಪಗಾದರೆ ಸಾಕು, ಕಪ್ಪಾದರೆ ಇಡೀ ಬಾಣಲೆ ಕಹಿ. ನಾನು ಚೂರು ಬೆಲ್ಲವನ್ನೂ ಹಾಕ್ತೀನಿ. ಪಕ್ಕದ ಮನೆಯ ಆಂಧ್ರದವರು ನಗ್ತಾರೆ, ನಗಲಿ.

ಪೂರ್ತಿ ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ಒತ್ತಿ ತುಂಬಿ, ಮೇಲೆ ಎಣ್ಣೆ ನಿಲ್ಲುವಂತೆ ಮಾಡಿ ಫ್ರಿಜ್ಜಿನಲ್ಲಿಟ್ಟೆ. ಮೂರು ವಾರವಾಯ್ತು, ಬೂಷ್ಟಿಲ್ಲ. ಒದ್ದೆ ಚಮಚ ಅದ್ದುವ ಮಗನಿಗೆ ಮಾತ್ರ ಬೇರೆ ಪುಟ್ಟ ಡಬ್ಬಿ ಕೊಟ್ಟಿದ್ದೇನೆ.