ಲೂಪ್ ಅನುಕಲಗಳನ್ನು ಅವಕಲ ಸಮೀಕರಣಗಳಿಂದ ಬಿಡಿಸುವ ಬಗೆ

ಫೈನ್‌ಮನ್ ಚಿತ್ರದಲ್ಲಿ (ಕಣಗಳ ಅಂತಃಕ್ರಿಯೆಯನ್ನು ಗೆರೆಗಳಲ್ಲಿ ತೋರಿಸುವ ಚಿತ್ರ) ಲೂಪ್, ಅಂದರೆ ಮುಚ್ಚಿದ ಸುತ್ತು, ಬಂದರೆ ಅದರೊಳಗೆ ಸುತ್ತುವ ಸಂವೇಗದ ಎಲ್ಲ ಬೆಲೆಗಳ ಮೇಲೂ ಅನುಕಲನ ಮಾಡಬೇಕಾಗುತ್ತದೆ. ಇದನ್ನು ನೇರವಾಗಿ ಮಾಡಹೊರಟರೆ ಬಹುಪಾಲು ಎರಡನೆಯ ಲೂಪಿಗೇ ಕೈಸೋಲುತ್ತದೆ. ಅದರ ಬದಲು, ದ್ರವ್ಯರಾಶಿ ಬದಲಾದಂತೆ ಅನುಕಲ ಹೇಗೆ ಬದಲಾಗುತ್ತದೆಂಬ ಸಮೀಕರಣವನ್ನು ಬರೆದು ಬಿಡಿಸುವ ದಾರಿಯನ್ನು 1991ರಲ್ಲಿ ಕೋಟಿಕೋವ್ ತೋರಿಸಿದರು. 1997ರಲ್ಲಿ ರೆಮಿಡ್ಡಿ ಅದನ್ನು ಹೊರಗಿನ ಸಂವೇಗಗಳಿಗೂ ಅನ್ವಯಿಸಿದರು.

ಕಲಿಯಲು, ಎರಡು ಕಣಗಳ ಗೆರೆಗಳು ಕೂಡಿ ಒಂದೇ ಲೂಪಾಗುವ ‘ಬಬಲ್’ ಚಿತ್ರ ಸಾಕು. ಒಳಗಿನ ಎರಡೂ ಕಣಗಳ ದ್ರವ್ಯರಾಶಿ ಎಂ, ಹೊರಗಿನ ಸಂವೇಗದ ವರ್ಗ ಎಸ್, ಆಯಾಮ ಡಿ = 4 − 2ಎಪ್ಸಿಲಾನ್ ಆಗಿರಲಿ (ಅನುಕಲ ಅನಂತಕ್ಕೆ ಹೋಗದಂತೆ ಆಯಾಮವನ್ನು ನಾಲ್ಕರಿಂದ ತುಸು ಸರಿಸುವ ಸಣ್ಣ ಸಂಖ್ಯೆಯೇ ಎಪ್ಸಿಲಾನ್). ಅನುಕಲದೊಳಗೆ ಒಳಗಿನ ಒಂದೊಂದು ಕಣಕ್ಕೂ ಒಂದೊಂದು ಛೇದವಿರುತ್ತದೆ; ಅವಕಲಿಸಿದಾಗ ಈ ಛೇದಗಳ ಘಾತ ಏರುತ್ತದೆ. ಹಾಗೆ ಏರಿದ್ದನ್ನು ಚೆಟಿರ್ಕಿನ್ ಮತ್ತು ಟ್ಕಾಚೋವ್ 1981ರಲ್ಲಿ ಕೊಟ್ಟ ಭಾಗಶಃ ಅನುಕಲನದ ಸಂಬಂಧಗಳು ಕೆಲವೇ ಮಾಸ್ಟರ್ ಅನುಕಲಗಳಿಗೆ, ಅಂದರೆ ಉಳಿದೆಲ್ಲವನ್ನೂ ಬರೆಯಲು ಸಾಕಾಗುವ ಮೂಲ ಅನುಕಲಗಳಿಗೆ, ಇಳಿಸುತ್ತವೆ. ಇಲ್ಲಿ ಉಳಿಯುವುದು ಎರಡೇ: ಬಬಲ್ (ಬ), ಮತ್ತು ಲೂಪಿನಲ್ಲಿ ಒಂದೇ ಕಣವಿದ್ದು ಅದರ ಛೇದವು ವರ್ಗವಾಗಿರುವ ಟ್ಯಾಡ್‌ಪೋಲ್ (ಟ). ದೊಡ್ಡ ಚಿತ್ರಗಳಲ್ಲಿ ಈ ಕೆಲಸವನ್ನು ಲಪೋರ್ಟಾ ಕ್ರಮ (ಇಂಥ ಸಂಬಂಧಗಳನ್ನು ಕ್ರಮಬದ್ಧವಾಗಿ ಬಿಡಿಸುವ ವಿಧಾನ) ಅಳವಡಿಸಿದ ಪ್ರೋಗ್ರಾಮ್‌ಗಳಿಗೆ ಬಿಡುವುದೇ ಲೇಸು.

ಬ‌-ವನ್ನು ಎಸ್‌ನಿಂದ ಅವಕಲಿಸಿ, ಬಂದದ್ದನ್ನು ಎಸ್‌ನಿಂದ ಗುಣಿಸಿದರೆ ಸಿಗುವುದು ಇದು:

½(ಡಿ − 4)·ಬ − [2ಎಂ² / (4ಎಂ² − ಎಸ್)]·[(ಡಿ − 3)·ಬ − ಟ]

ಸಮೀಕರಣದ ವಿಶೇಷ ಬಿಂದುಗಳು ಎಸ್ = 0 ಮತ್ತು ಎಸ್ = 4ಎಂ². ಎರಡನೆಯದು ಆ ಎರಡು ಕಣಗಳು ನಿಜವಾಗಿಯೇ ಹುಟ್ಟಬಲ್ಲ ಹೊಸ್ತಿಲು, ಆದ್ದರಿಂದ ಅಲ್ಲಿ ವೈಚಿತ್ರ್ಯವಿರುವುದು ಸಹಜ. ಮೊದಲನೆಯದರಲ್ಲಿ ಬಬಲ್‌ಗೆ ಯಾವ ತೊಡಕೂ ಇಲ್ಲ; ಹಾಗಾಗಿ ಎಸ್ = 0 ಎಂದಿಟ್ಟಾಗ ಎಡಬದಿ ಸೊನ್ನೆಯಾಗಿ, ಬಲಬದಿ ½(ಟ − ಬ) ಆಗಿ, ಬ = ಟ ಎಂಬ ಗಡಿ ನಿಬಂಧನೆ ಹೊಸ ಅನುಕಲನವಿಲ್ಲದೆ ಕೈಗೆ ಬರುತ್ತದೆ. ನನ್ನ ಮಟ್ಟಿಗೆ ಈ ವಿಧಾನದ ಸೊಗಸೆಲ್ಲ ಇಲ್ಲಿಯೇ ಇದೆ.

ಮುಂದಿನದು ಆಧಾರದ, ಅಂದರೆ ಯಾವ ಮಾಸ್ಟರ್ ಅನುಕಲಗಳನ್ನು ಬಳಸಬೇಕೆಂಬುದರ, ಆಯ್ಕೆ. ಬಲಬದಿಯಲ್ಲಿ ಎಪ್ಸಿಲಾನ್ ಒಂದು ಗುಣಕವಾಗಿ ಮಾತ್ರ ಹೊರಗೆ ನಿಲ್ಲುವಂತೆ ಆಧಾರವನ್ನು ಆರಿಸಿಕೊಳ್ಳಬೇಕೆಂದು 2013ರಲ್ಲಿ ಹೆನ್ ಸೂಚಿಸಿದರು. ನಮ್ಮ ಉದಾಹರಣೆಯಲ್ಲಿ ಎಪ್ಸಿಲಾನ್·ಟ ಒಂದು. ಒಂದು ಛೇದ ವರ್ಗವಾಗಿರುವ ಬಬಲ್ ಅನ್ನು ಎಪ್ಸಿಲಾನ್·√[ಎಸ್(ಎಸ್ − 4ಎಂ²)]ರಿಂದ ಗುಣಿಸಿದ್ದು ಇನ್ನೊಂದು. ಎರಡನ್ನೂ ಎಂ²ರ ಎಪ್ಸಿಲಾನ್ ಘಾತದಿಂದ ಗುಣಿಸಿ ಆಯಾಮರಹಿತವಾಗಿಸಿ. ಎಸ್ = −ಎಂ²(1 − ಎಕ್ಸ್)²/ಎಕ್ಸ್ ಎಂದು ಬದಲಿಸಿದರೆ ವರ್ಗಮೂಲ ಕರಗಿ, 1/ಎಕ್ಸ್ ಮತ್ತು 1/(1 + ಎಕ್ಸ್) ಮಾತ್ರ ಉಳಿಯುತ್ತವೆ; ಎಪ್ಸಿಲಾನ್‌ನ ಒಂದೊಂದು ಘಾತಕ್ಕೂ ಲಾಗರಿದಮ್ ಮತ್ತು ಅದರ ವಿಸ್ತೃತ ರೂಪಗಳಾದ ಪಾಲಿಲಾಗರಿದಮ್‌ಗಳನ್ನು ಸರಣಿಯಾಗಿ ಬರೆಯುತ್ತ ಹೋಗಬಹುದು. ಎಕ್ಸ್ ಬದಲು 1/ಎಕ್ಸ್ ಇಟ್ಟರೂ ಎಸ್ ಬದಲಾಗದು, ವರ್ಗಮೂಲದ ಚಿಹ್ನೆ ಮಾತ್ರ ತಿರುಗುತ್ತದೆ. ಇದನ್ನು ಮರೆತು ನಾನು ಎರಡು ದಿನ ಕಳೆದಿದ್ದೇನೆ.

ಉತ್ತರವನ್ನು ಮೊದಲು ಎಸ್ ಋಣವಾಗಿರುವಲ್ಲಿ, ಅಂದರೆ ಎಕ್ಸ್ 0 ಮತ್ತು 1ರ ನಡುವೆ ಇರುವಲ್ಲಿ, ಸಂಖ್ಯಾತ್ಮಕವಾಗಿ ತಾಳೆ ನೋಡಿ. ಆಮೇಲೆ ಎಸ್‌ಗೆ ಅತಿಸಣ್ಣ ಧನ ಕಾಲ್ಪನಿಕ ಭಾಗ ಸೇರಿಸಿ ಹೊಸ್ತಿಲು ದಾಟಿ. ಎರಡು ಲೂಪಿನ, ಮೂರೂ ಕಣಗಳಿಗೆ ದ್ರವ್ಯರಾಶಿಯಿರುವ ‘ಸನ್‌ರೈಸ್’ ಚಿತ್ರದಲ್ಲಿ ಇಂಥ ಬದಲಿಕೆ ಫಲಿಸದು: ಅಲ್ಲಿ ಸಮೀಕರಣ ಎರಡನೆಯ ಕ್ರಮದ್ದಾಗಿಯೇ ಉಳಿದು, ಪಾಲಿಲಾಗರಿದಮ್‌ಗಳಲ್ಲಿ ಬರೆಯಲಾಗದ ಎಲಿಪ್ಟಿಕ್ ಅನುಕಲಗಳನ್ನು ಬೇಡುತ್ತದೆ.