ಕೊಳೆ ಔಷಧಿಯ ಮೈಲುತುತ್ತದಲ್ಲಿ ತಾಮ್ರದ ಪದಕ ಕೊರೆದ ನನ್ನ ಅನುಭವ

ತಾಮ್ರವನ್ನು ತಿಂದು ಕೊರೆಯುವ ಫೆರಿಕ್ ಕ್ಲೋರೈಡ್ ದ್ರಾವಣ ಇಲ್ಲದೆ ತಾಮ್ರದ ಮೇಲೆ ಚೊಕ್ಕ ಗೆರೆ ಬರುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಆಭರಣದ ಕೆಲಸದಲ್ಲೇ ಇರುವ ಇಬ್ಬರು ಗೆಳೆಯರು ಹೇಳಿದರು, ಶಿರಸಿ ಪೇಟೆಯ ಒಬ್ಬ ಅಕ್ಕಸಾಲಿಗರು ಹೇಳಿದರು, ರಸಾಯನಶಾಸ್ತ್ರ ಪಾಠ ಮಾಡುವ ನೆಂಟರೊಬ್ಬರು ಕಾಗದದ ಮೇಲೆ ಸಮೀಕರಣ ಬರೆದು ತೋರಿಸಿ, ಆಗುತ್ತದೆ ನಿಜ, ಆದರೆ ಆಭರಣಕ್ಕೆ ಆಗುವಷ್ಟು ನಯವಾಗಿ ಆಗದು ಎಂದರು. ಈಗ ನನ್ನ ಬಳಿ ಸುಮಾರು 140 ಪದಕಗಳು ಅದಿಲ್ಲದೆಯೇ, ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಮತ್ತು ಸ್ವಲ್ಪ ವಿದ್ಯುತ್ತಿನಿಂದ ತಯಾರಾಗಿ ಮಾರಾಟವಾಗಿವೆ. ಆದ್ದರಿಂದ ಬರೆಯುವ ಧೈರ್ಯ ಬಂದಿದೆ.

ಮೊದಲ ಮೂರು ವರ್ಷ ನಾನೂ ಫೆರಿಕ್ ಕ್ಲೋರೈಡನ್ನೇ ನಂಬಿದ್ದೆ. ಕೊರಿಯರ್‌ನವರು ಆ ದ್ರಾವಣವನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಕ್ಯಾನಿನಲ್ಲಿ ತುಂಬಿಸಿಕೊಂಡು ಬಸ್ಸಿನಲ್ಲಿ ತರಬೇಕಿತ್ತು, ಮತ್ತು ಒಮ್ಮೆ ಮುಚ್ಚಳ ಸಡಿಲಾಗಿ ಚೀಲ, ಪಂಚೆ, ಸೀಟು ಮೂರಕ್ಕೂ ಆದ ಕಂದು ಕಲೆಗೆ ಕಂಡಕ್ಟರರ ಬೈಗುಳವನ್ನೂ 200 ರೂಪಾಯಿಯನ್ನೂ ಸೇರಿಸಿ ತೆತ್ತಿದ್ದೇನೆ. ಮಳೆಗಾಲದಲ್ಲಿ ನಮ್ಮ ಕಡೆಯ ಚಳಿಗೆ ದ್ರಾವಣ ಮಂಕಾಗುತ್ತದೆ. ಬೇಸಿಗೆಯಲ್ಲಿ ಒಂದು ತಾಸಿಗೆ ಆಗುವ ಕೆಲಸ ಆಗ ಮೂರು ತಾಸು ಹಿಡಿಯುತ್ತದೆ. ಬೇಗ ಆಗಲೆಂದು ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು, ಹಲಸಿನ ಹಪ್ಪಳ ಹಚ್ಚುವ ಗಡಿಬಿಡಿಯಲ್ಲಿ ಮರೆತು, ಸಂಜೆ ಹೋಗಿ ನೋಡಿದರೆ ಐದು ಮಂಗಟ್ಟೆ ಹಕ್ಕಿಯ (ಹಾರ್ನ್‌ಬಿಲ್) ಪದಕಗಳಲ್ಲಿ ಉಳಿದದ್ದು ಮೂರು ಕೊಕ್ಕು ಮಾತ್ರ. ಬಳಸಿದ ದ್ರಾವಣದ ಚಿಂತೆ ಬೇರೆ. ತಾಮ್ರ ತುಂಬಿದ ಆ ನೀರನ್ನು ತೋಟದ ಕಪ್ಪಿಗೆ, ಎಂದರೆ ನೀರು ಬಸಿದುಹೋಗುವ ಕಾಲುವೆಗೆ, ಬಿಟ್ಟರೆ ಅದು ಹೊಳೆಗೆ ಸೇರಿ ಮೀನಿಗೆ ಕುತ್ತು ತರುವುದು ಖಚಿತ. ಹಾಗಾಗಿ ಕೊಟ್ಟಿಗೆಯ ಹಿಂದೆ ಕ್ಯಾನುಗಳ ಸಾಲೇ ಬೆಳೆಯಿತು. ಹಾಳಾದ ತಾಮ್ರ, ದ್ರಾವಣ, ಬಸ್ ಖರ್ಚು ಎಲ್ಲ ಸೇರಿ ಆ ಮೂರು ವರ್ಷದಲ್ಲಿ 14 ಸಾವಿರದ ಹತ್ತಿರ ಹೋಗಿರಬೇಕು. ಲೆಕ್ಕದ ಪುಸ್ತಕ ಇಟ್ಟಿರಲಿಲ್ಲ, ಇಟ್ಟಿದ್ದರೆ ಆಗಲೇ ಬಿಡುತ್ತಿದ್ದೆನೇನೋ.

ಹೊಸ ದಾರಿ ಹೊಳೆದದ್ದು ಅಡಿಕೆ ತೋಟದಲ್ಲಿ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ಕೊಳೆ ಔಷಧಿ ಕದಡುವಾಗ ಸುಣ್ಣ ಸಾಕಾಯಿತೇ ಎಂದು ನೋಡಲು ಡ್ರಮ್ಮಿನಲ್ಲಿ ಕತ್ತಿಯ ಅಲಗನ್ನು ಅದ್ದುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸುಣ್ಣ ಕಡಿಮೆಯಾಗಿದ್ದರೆ ಅಲಗಿಗೆ ಕೆಂಪಗೆ ತಾಮ್ರ ಹತ್ತುತ್ತದೆ. ಮೈಲುತುತ್ತದ ನೀರಿನಿಂದ ತಾಮ್ರ ಇಷ್ಟು ಸಲೀಸಾಗಿ ಹೊರಗೆ ಬರುವುದಾದರೆ, ವಿದ್ಯುತ್ತಿನ ಸಹಾಯದಿಂದ ಹಾಳೆಯ ತಾಮ್ರವನ್ನು ಅದೇ ನೀರಿನೊಳಕ್ಕೆ ಇಳಿಸಲು ಏಕಾಗದು ಎಂದು ಆ ದಿನ ಅನ್ನಿಸಿತು. ಇದು ನನ್ನ ಆವಿಷ್ಕಾರವೇನಲ್ಲ, ಅಚ್ಚಿನ ಫಲಕ ಮಾಡುವವರು ಹಿಂದಿನಿಂದಲೂ ಬಲ್ಲ ವಿದ್ಯೆ. ಆದರೆ ಬೇಕಾದ ಸಾಮಾನೆಲ್ಲ ಪ್ರತಿ ಅಡಿಕೆ ಬೆಳೆಗಾರನ ಮನೆಯ ಅಟ್ಟದಲ್ಲಿ ಬಿದ್ದಿದೆ ಎಂಬುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲ ಪ್ರಯತ್ನಕ್ಕೆ ಇನ್ವರ್ಟರಿನ 12 ವೋಲ್ಟ್ ಬ್ಯಾಟರಿಯನ್ನೇ ನೇರವಾಗಿ ಜೋಡಿಸಿದೆ. ನೀರು ಕುದಿಯುವಂತೆ ಗುಳ್ಳೆಯೆದ್ದು, ಕೊರೆಯಬಾರದ ಜಾಗವನ್ನು ಮುಚ್ಚಿದ್ದ ಲೇಸರ್ ಟೋನರಿನ ಲೇಪ ಸಿಪ್ಪೆಯಂತೆ ಕಳಚಿ, ಹಾಳೆಗೆ ಸಿಡುಬು ಬಂದಂತಾಯಿತು. ಎರಡನೆಯ ಸಲ ಹಳೆಯ ಮೊಬೈಲ್ ಚಾರ್ಜರ್ ಹಿಡಿದೆ, ಆದರೆ ತಂತಿ ಅದಲುಬದಲಾಗಿತ್ತು. ಕೊರೆಯಬೇಕಾದ ಗೆರೆಗಳ ಮೇಲೆಯೇ ತಾಮ್ರ ಕೂತು ಕೆಂಪು ನರೂಲಿಗಳೆದ್ದವು. ಪದಕ ಪ್ಲಸ್ಸಿಗೆ, ನೀರಿನಲ್ಲಿ ಅದರೆದುರು ಇಳಿಬಿಟ್ಟ ಇನ್ನೊಂದು ಹಾಳೆ ಮೈನಸ್ಸಿಗೆ ಎಂದು ಗೋಡೆಯ ಮೇಲೆ ಇದ್ದಿಲಲ್ಲಿ ಬರೆದದ್ದು ಇವತ್ತಿಗೂ ಹಾಗೆಯೇ ಇದೆ. ಮೂರನೆಯ ಸಲ ಗೆರೆ ಬಂತು, ಆದರೆ ಅಂಚು ಗರಗಸದ ಹಲ್ಲಿನಂತಿತ್ತು. ಐದು ವೋಲ್ಟ್ ಕೂಡ ಈ ಕೆಲಸಕ್ಕೆ ಹೆಚ್ಚು ಎಂದು ತಿಳಿಯಲು ಎಂಟು ಹಾಳೆ ಬೇಕಾದವು.

ಇದಕ್ಕೆ ಸಿಕ್ಕ ಪರಿಹಾರ ಹಳೆಯ ಟಾರ್ಚಿನ ಬಲ್ಬು. ಚಾರ್ಜರಿಗೂ ಪದಕಕ್ಕೂ ನಡುವೆ ಆ ಬಲ್ಬನ್ನು ಸರಣಿಯಲ್ಲಿ ಸೇರಿಸಿದರೆ ವೋಲ್ಟೇಜಿನ ಬಹುಭಾಗವನ್ನು ಅದೇ ನುಂಗಿ, ಪ್ರವಾಹ 0.3 ಆಂಪಿಯರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಬಲ್ಬು ಹದವಾಗಿ ಉರಿಯುತ್ತಿದ್ದರೆ ಕೆಲಸ ನಡೆದಿದೆ. ಮಂಕಾದರೆ ಕ್ಲಿಪ್ಪಿಗೆ ಕಿಲುಬು ಹಿಡಿದಿದೆ. ಕಣ್ಣು ಕುಕ್ಕುವಂತೆ ಉರಿದರೆ ಎರಡು ಹಾಳೆ ಒಳಗೆ ತಾಗಿಕೊಂಡಿವೆ. ಮೀಟರು ಇಲ್ಲದೆಯೂ ದೂರದಿಂದಲೇ ತಿಳಿಯುತ್ತದೆ. ಒಂದು ಆಂಪಿಯರ್ ಒಂದು ತಾಸಿಗೆ ಸುಮಾರು 1.2 ಗ್ರಾಂ ತಾಮ್ರ ಕರಗಿಸುತ್ತದೆ ಎಂಬ ಲೆಕ್ಕ ಹಿಡಿದರೆ, ನಾಲ್ಕು ಸೆಂ.ಮೀ. ಉದ್ದ ಮೂರು ಸೆಂ.ಮೀ. ಅಗಲದ ಪದಕದಲ್ಲಿ ಅರ್ಧ ಭಾಗ ತೆರೆದಿದ್ದಾಗ 0.2 ಮಿ.ಮೀ. ಆಳಕ್ಕೆ ಮೂರು ತಾಸು ಸಾಕು. ಹಾಳೆ ನಾನು ಬಳಸುವುದು 0.8 ಮಿ.ಮೀ. ದಪ್ಪದ್ದು.

ಲೀಟರಿಗೆ 150ರಿಂದ 200 ಗ್ರಾಂ ಮೈಲುತುತ್ತ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಬ್ಯಾಟರಿ ಆಸಿಡ್ಡನ್ನು ಎರಡು ಚಮಚೆಯಷ್ಟು ಸೇರಿಸುತ್ತೇನೆ. ಎರಡು ಹಾಳೆಗಳ ನಡುವೆ ನಾಲ್ಕೈದು ಸೆಂ.ಮೀ. ಅಂತರವಿರಲಿ, ಎದುರಿನ ಹಾಳೆ ಪದಕಕ್ಕಿಂತ ದೊಡ್ಡದಿರಲಿ. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಬೇಕು, ಅಡಿಗೆಮನೆಗೆ ಅದು ಮರಳಿ ಹೋಗಬಾರದು. ಪದಕದಿಂದ ಇಳಿದ ತಾಮ್ರವೆಲ್ಲ ಎದುರಿನ ಹಾಳೆಯ ಮೇಲೆ ಹೋಗಿ ಕೂರುವುದರಿಂದ ದ್ರಾವಣ ಸೊರಗುವುದಿಲ್ಲ. ನನ್ನ ಮೊದಲ ನಾಲ್ಕು ಲೀಟರು ಹತ್ತಿರಹತ್ತಿರ ಒಂದು ವರ್ಷ ನಡೆಯಿತು. ಎಲ್ಲಕ್ಕಿಂತ ದೊಡ್ಡ ಲಾಭವನ್ನು ಮಲೆನಾಡಿನವರೇ ಅರ್ಥ ಮಾಡಿಕೊಂಡಾರು: ಮಳೆಗಾಲದಲ್ಲಿ ಕರೆಂಟು ಹೋದರೆ ಕೊರೆತ ಅಲ್ಲಿಗೇ ನಿಲ್ಲುತ್ತದೆ, ಬಂದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ಹಪ್ಪಳ ಹಚ್ಚುತ್ತ ಕೂತು ಮರೆತರೂ ಟೈಮರ್ ಪ್ಲಗ್ ಕಾಯುತ್ತದೆ.

ಲೇಪದ ವಿಷಯದಲ್ಲಿ, ನುಣುಪು ಕಾಗದದ ಮೇಲಿನ ಲೇಸರ್ ಪ್ರಿಂಟನ್ನು ಇಸ್ತ್ರಿಪೆಟ್ಟಿಗೆಯ ಬಿಸಿಯಿಂದ ತಾಮ್ರಕ್ಕೆ ಇಳಿಸುವ ಪದ್ಧತಿ ಹಲವರಿಗೆ ಗೊತ್ತಿರುವುದೇ. ಅದರಲ್ಲಿ ಬರುವ ಗೆರೆಗೆ ಕೈಬರಹದ ಜೀವ ಇರುವುದಿಲ್ಲ ಎಂಬುದು ನನ್ನ ಹಟ. ಆದ್ದರಿಂದ ತುಡುವೆ ಜೇನಿನ ಮೇಣಕ್ಕೆ ಧೂಪದ ಮರದ ರಾಳ ಸೇರಿಸಿ ಕರಗಿಸಿ, ಬಿಸಿ ಹಾಳೆಯ ಮೇಲೆ ತೆಳುವಾಗಿ ಹರಡಿ, ಗ್ರಾಮಾಫೋನ್ ಸೂಜಿಯಿಂದ ಗೀಚುತ್ತೇನೆ. ಬರಿಯ ಮೇಣ ಬೇಸಿಗೆಯಲ್ಲಿ ಜಾರುತ್ತದೆ, ರಾಳ ಹೆಚ್ಚಾದರೆ ಸೂಜಿ ತಾಗಿದಲ್ಲಿ ಹಪ್ಪಳದಂತೆ ಚಟಚಟ ಒಡೆಯುತ್ತದೆ. ಸರಿಯಾದ ಪ್ರಮಾಣ ಹಿಡಿಯಲು ನನಗೆ ಎರಡು ಬೇಸಿಗೆ ಬೇಕಾಯಿತು. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅಂಚಿನಲ್ಲಿ ಪ್ರವಾಹ ಹೆಚ್ಚು ನುಗ್ಗುವುದರಿಂದ ಪದಕದ ಸುತ್ತಿನ ಗೆರೆಗಳು ನಡುವಿನ ಗೆರೆಗಳಿಗಿಂತ ಆಳವಾಗುವ ತೊಂದರೆ ಎಲ್ಲರಿಗೂ ಬರುತ್ತದೆ. ಹೊಸಬರು ದೊಡ್ಡ ಹಾಳೆಯಲ್ಲಿ ಕೊರೆದು ಆಮೇಲೆ ಆಕಾರಕ್ಕೆ ಕತ್ತರಿಸಿಕೊಂಡರೆ ಸಾಕು. ನಾನು ಬೇರೆ ಉಪಾಯ ಮಾಡುತ್ತೇನೆ, ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಚೆನ್ನಾಗಿ ಮಾರಾಟವಾದದ್ದು ಹಾರುವ ಓತಿ. ಅಡಿಕೆ ಮರದಿಂದ ಮರಕ್ಕೆ ಅದು ತೇಲಿಹೋಗುವುದನ್ನು ಹುಟ್ಟಿದಾಗಿನಿಂದ ನೋಡಿದ್ದರೂ ಮೊದಲ ಹನ್ನೆರಡು ಪದಕಗಳಲ್ಲಿ ನಾನು ಬಾವಲಿಯಂತೆ ಮುಂಗಾಲಿಗೆ ರೆಕ್ಕೆ ಅಂಟಿಸಿದ್ದೆ. ಕೊಳ್ಳಲು ಬಂದ ಒಬ್ಬ ಹುಡುಗಿ ಪದಕವನ್ನು ಕೈಯಲ್ಲಿ ಹಿಡಿದು, ಇದರ ರೆಕ್ಕೆ ಇರುವುದು ಪಕ್ಕೆಲುಬಿನ ಮೇಲೆ, ಕಾಲಿನ ಮೇಲಲ್ಲ ಎಂದು ಮೆಲ್ಲಗೆ ಹೇಳಿ ಕೆಳಗಿಟ್ಟು ಹೋದಳು. ಅವಳು ಹೇಳಿದ್ದು ಸರಿ. ಹೊರಕ್ಕೆ ಚಾಚಿದ ಉದ್ದನೆಯ ಪಕ್ಕೆಲುಬುಗಳ ಮೇಲೆ ಚರ್ಮ ಕೊಡೆಯಂತೆ ಬಿಗಿದುಕೊಂಡಿರುತ್ತದೆ, ನಾಲ್ಕು ಕಾಲುಗಳೂ ಬೇರೆಯೇ ಇರುತ್ತವೆ. ಆ ಹನ್ನೆರಡನ್ನೂ ಕಾಯಿಸಿ, ಬಡಿದು, ಬಳೆಯ ಕೊಂಡಿ ಮಾಡಿಕೊಂಡೆ. ಈಗಿನ ಓತಿಯಲ್ಲಿ ಪಕ್ಕೆಲುಬುಗಳನ್ನು ಕೊರೆಯದೆ ಉಬ್ಬಿಸಿ, ನಡುವಿನ ಚರ್ಮವನ್ನು ಮಾತ್ರ ತಗ್ಗಿಸುತ್ತೇನೆ. ಗಂಡಿನ ಗಂಟಲಿನ ಹಳದಿ ಚೀಲಕ್ಕೆ ಒಂದು ಚುಕ್ಕೆ ಹಿತ್ತಾಳೆ ಬೆಸೆಯುತ್ತೇನೆ. ದೊಡ್ಡ ಮಂಗಟ್ಟೆಯಲ್ಲಿ ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ದಾಂಡೇಲಿಯ ಕಡೆ ಹಕ್ಕಿ ನೋಡಲು ಬರುವವರು ಇದನ್ನು ಪರೀಕ್ಷಿಸಿಯೇ ಕೊಳ್ಳುತ್ತಾರೆ. ಗಂಡಿಗೆ ಕಣ್ಣಿನ ಜಾಗದಲ್ಲಿ ತಾಮ್ರವನ್ನೇ ಹೊಳಪಿಸಿ ಬಿಡುತ್ತೇನೆ, ಹೆಣ್ಣಿಗೆ ಬೆಳ್ಳಿಯ ಕಣ.

ಗೆರೆಗೆ ಕಪ್ಪು ಕೂರಿಸಲು ಕೆಲವರು ಬೇಯಿಸಿದ ಮೊಟ್ಟೆಯನ್ನು ಮುರಿದು ಪದಕದ ಜೊತೆ ಡಬ್ಬಿಯಲ್ಲಿಡುತ್ತಾರೆ. ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ದಾಟುವಂತಿಲ್ಲವಾದ್ದರಿಂದ ಗಂಧಕವನ್ನೂ ಸುಣ್ಣವನ್ನೂ ನೀರಿನಲ್ಲಿ ಕುದಿಸಿ ಕಿತ್ತಳೆ ಬಣ್ಣದ ತಿಳಿ ಮಾಡಿಕೊಂಡೆ. ಅದ್ದಿದ ಅರ್ಧ ನಿಮಿಷದಲ್ಲಿ ತಾಮ್ರ ಕಾಡಿಗೆಯಂತಾಗುತ್ತದೆ. ಉಬ್ಬನ್ನು ಉಜ್ಜಿದರೆ ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಇದಕ್ಕೆ ಯಾವ ಹುಳಿಯೂ ತಾಗಬಾರದು, ತಾಗಿದರೆ ಏಳುವ ಅನಿಲ ಪ್ರಾಣಕ್ಕೇ ಎರವಾದೀತು. ಅದಕ್ಕಾಗಿಯೇ ಕಿಲುಬು ತೆಗೆಯುವ ಮುರುಗಲು (ಕೋಕಂ) ಸಿಪ್ಪೆಯ ಹುಳಿನೀರನ್ನು ಕೊಟ್ಟಿಗೆಯ ಇನ್ನೊಂದು ಮೂಲೆಯಲ್ಲಿ ಇಟ್ಟಿದ್ದೇನೆ. ಮುರುಗಲಿನ ನೀರು ಹುಣಸೆಗಿಂತ ಚೊಕ್ಕ, ಬೆಸುಗೆ ಹಾಕಿದ ಮೇಲಿನ ಕರಿಯನ್ನು ಒಂದು ರಾತ್ರಿಯಲ್ಲಿ ಬಿಡಿಸುತ್ತದೆ. ವಾಟೆಹುಳಿಯಲ್ಲೂ ಮಾಡಿ ನೋಡಿದೆ, ಅಂಟಾಯಿತು.

ಹಸಿರು ಬಣ್ಣದ ಆಸೆಗೆ ಬಿದ್ದು ಮುಚ್ಚಿದ ಬಕೆಟ್ಟಿನಲ್ಲಿ ಹಳೆಯ ಗೋಮೂತ್ರದ ಮೇಲೆ ಉಪ್ಪುನೀರು ಸವರಿದ ಎಲೆಯಾಕಾರದ ಓಲೆಗಳನ್ನು ಎರಡು ದಿನ ತೂಗುಹಾಕಿದ್ದೂ ಉಂಟು. ನವಿಲುಗರಿಯ ನೀಲಿ ಬಂತು. ಕಾರವಾರಕ್ಕೆ ಒಯ್ದ ಎರಡನೆಯ ವಾರಕ್ಕೆ ಕಡಲ ಗಾಳಿಗೂ ಬೆವರಿಗೂ ಪುಡಿಯಾಗಿ ಉದುರಿ, ಕೊಂಡವರ ಬಿಳಿ ಅಂಗಿಗೆ ಹತ್ತಿ, ದುಡ್ಡು ವಾಪಸು ಕೊಟ್ಟೆ. ಅಂದಿನಿಂದ ಕರಾವಳಿಗೆ ಹೋಗುವ ಮಾಲಿಗೆ ಹಿಂಭಾಗದಲ್ಲಿ ಎರಡು ಕೈ ಲ್ಯಾಕರ್, ಮುಂಭಾಗದಲ್ಲಿ ಮೇಣ. ಕಿವಿಯ ಕೊಕ್ಕೆ ಯಾವಾಗಲೂ ಬೆಳ್ಳಿಯದು.

ದುಡ್ಡಿನ ಮಾತು. ಒಂದಡಿ ಚದರದ ಹಾಳೆ ಹೆಚ್ಚುಕಡಿಮೆ 650 ಗ್ರಾಂ ತೂಗುತ್ತದೆ, ನಾನು ಕಡೆಯ ಸಲ ಕೊಟ್ಟದ್ದು 700 ರೂಪಾಯಿಯೋ ಏನೋ. ಅದರಲ್ಲಿ 50 ಪದಕ ಧಾರಾಳವಾಗಿ ಆಗುತ್ತವೆ. ಮೈಲುತುತ್ತ, ಮೇಣ, ಕರೆಂಟು, ದಾರ ಎಲ್ಲ ಸೇರಿದರೂ ಒಂದಕ್ಕೆ 40 ರೂಪಾಯಿ ದಾಟುವುದಿಲ್ಲ. ಉಳಿದದ್ದೆಲ್ಲ ಕೈಕೆಲಸದ ಬೆಲೆ. 2024ರ ಮಾರಿಕಾಂಬಾ ಜಾತ್ರೆಯಲ್ಲಿ 450ಕ್ಕೆ ಒಂದರಂತೆ 31 ಪದಕ ಹೋದವು, ಚೌಕಾಸಿಯಲ್ಲಿ ಕೆಲವು 350ಕ್ಕೆ ಇಳಿದವು. ಗೋಕರ್ಣದಲ್ಲಿ ಅದನ್ನೇ 800ಕ್ಕೆ ಕೊಳ್ಳುತ್ತಾರೆ, ಆದರೆ ಅಲ್ಲಿ ಮಾಲು ಇಟ್ಟುಕೊಂಡ ಅಂಗಡಿಯವರೊಬ್ಬರಿಂದ ಬರಬೇಕಾದ 6 ಸಾವಿರ ಇನ್ನೂ ಬರಬೇಕಾಗಿಯೇ ಇದೆ.

ಹಳತಾದ ದ್ರಾವಣವನ್ನು ಎಸೆಯುವ ಪ್ರಶ್ನೆಯೇ ಇಲ್ಲ, ಮಳೆಗಾಲದ ಕೊಳೆ ಔಷಧಿಗೆ ಸೇರಿಸುತ್ತೇವೆ. ಮೊದಲ ವರ್ಷ ಅಪ್ಪ ಎಂದಿನಂತೆ ಅಳೆದು ಸುಣ್ಣ ಹಾಕಿ ಕತ್ತಿ ಅದ್ದಿದರೆ ಅಲಗು ಕೆಂಪಾಯಿತು. ನಾನು ಬೆರೆಸಿದ್ದ ಬ್ಯಾಟರಿ ಆಸಿಡ್ಡು ಅಷ್ಟು ಸುಣ್ಣವನ್ನು ತಿಂದುಹಾಕಿತ್ತು. ಈಗ ಡ್ರಮ್ಮಿಗೆ ಇನ್ನೊಂದು ಬೊಗಸೆ ಸುಣ್ಣ ಜಾಸ್ತಿ ಬೀಳುತ್ತದೆ.

ಸದ್ಯ ಕೈಗೆ ಹತ್ತದೆ ಸತಾಯಿಸುತ್ತಿರುವುದು ಸಿಂಗಳೀಕ. ಮುಖದ ಸುತ್ತಿನ ಬಿಳಿಗೂದಲನ್ನು ಒಂದೊಂದೇ ಎಳೆಯಾಗಿ ಉಬ್ಬಿಸಿ ಉಳಿಸಬೇಕು, ಆದರೆ 0.2 ಮಿ.ಮೀ. ಆಳಕ್ಕೆ ಹೋಗುವಷ್ಟರಲ್ಲಿ ಕೊರೆತ ಪಕ್ಕಕ್ಕೂ ತಿಂದು ಎಳೆಗಳು ಬುಡ ಕಳೆದುಕೊಳ್ಳುತ್ತವೆ. ಆಳವನ್ನು 0.1ಕ್ಕೆ ಇಳಿಸಿ, ಬಲ್ಬನ್ನು ಇನ್ನೂ ಚಿಕ್ಕದಕ್ಕೆ ಬದಲಿಸಿ ಹೋದ ವಾರ ಹಾಕಿದ ನಾಲ್ಕರಲ್ಲಿ ಒಂದರ ಎಡಗೆನ್ನೆಯ ಕೂದಲು ಪೂರ್ತಿ ನಿಂತಿದೆ.